ಡಾಂಬರು ಆಮೇಲೆ ಹಾಕಿ, ಮೊದಲು ನೀರಿಗೆ ದಾರಿ ಮಾಡಿ: ಬಡಾವಣೆ ನಿವಾಸಿಗಳ ಮನವಿ

ಗೆ,
ಆಯುಕ್ತರು, ನಗರ ಪಾಲಿಕೆ, ಬೆಂಗಳೂರು

ಇಂದ,
4ನೇ ಮುಖ್ಯರಸ್ತೆ ಹಾಗೂ 6ರಿಂದ 9ನೇ ಅಡ್ಡರಸ್ತೆಯ ನಿವಾಸಿಗಳು, ಅಂಗಡಿಯವರು

ವಿಷಯ: ರಸ್ತೆಯಲ್ಲಿ ನಿಲ್ಲುವ ಮಳೆನೀರು ಮತ್ತು ಹೂತುಹೋದ ಚರಂಡಿ ಕಿಂಡಿಗಳ ಬಗ್ಗೆ

ಮಾನ್ಯರೇ,

ನಮ್ಮ ರಸ್ತೆಗೆ ಮತ್ತೆ ಡಾಂಬರು ಹಾಕುತ್ತಾರೆ ಅಂತ ಸುದ್ದಿ ಬಂದಿದೆ. ಅಂಚಿನಲ್ಲಿ ಬಿಳಿ ಬಣ್ಣದ ಗುರುತೂ ಬಿದ್ದಿದೆ. ಜನ ಸಾಮಾನ್ಯವಾಗಿ ಡಾಂಬರು ಹಾಕಿಸಿ ಅಂತ ಅರ್ಜಿ ಕೊಡುತ್ತಾರೆ. ನಾವು ಈಗಲೇ ಹಾಕಬೇಡಿ ಅಂತ ಕೇಳುತ್ತಿದ್ದೇವೆ.

ನಮ್ಮಲ್ಲಿ ಚರಂಡಿ ಇಲ್ಲ ಅಂತಲ್ಲ. ರಸ್ತೆಯ ಎರಡೂ ಬದಿ ಇದೆ, ಮೇಲೆ ಚಪ್ಪಡಿ ಮುಚ್ಚಿದೆ. ಮಳೆ ನಿಂತ ಮೇಲೆ 7ನೇ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಚಪ್ಪಡಿ ಎತ್ತಿಸಿ ನೋಡಿ. ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು, ಒಂದಡಿ ಆಚೆ ಚರಂಡಿಯ ತಳ ಕಾಣುತ್ತದೆ! ರಸ್ತೆಯ ನೀರು ಒಳಗೆ ಇಳಿಯಲಿ ಅಂತ ಅಂಚುಕಲ್ಲಿನ ಬುಡದಲ್ಲಿ ಕಿಂಡಿಗಳನ್ನು ಬಿಟ್ಟಿದ್ದರು. ಪ್ರತಿ ಸಲ ಹಳೇ ಡಾಂಬರನ್ನು ಕೆರೆಯದೆ ಅದರ ಮೇಲೇ ಹೊಸ ಪದರ ಹಾಕಿ ಹಾಕಿ ಆ ಕಿಂಡಿಗಳು ಹೂತುಹೋಗಿವೆ. ಕೆಲವು ಕಡೆ ಎರಡು ಬೆರಳು ಅಗಲದ ಸಂದಿ ಉಳಿದಿದೆ, ಅದರೊಳಗೆ ಹೊಂಗೆ ಎಲೆ, ಗುಟ್ಕಾ ಪೊಟ್ಟಣ, ಜಲ್ಲಿಪುಡಿ ಎಲ್ಲ ಸೇರಿ ಗಟ್ಟಿಯಾಗಿ ಕೂತಿದೆ. ಇನ್ನೊಂದು ಪದರ ಬಿದ್ದರೆ ಅದೂ ಮುಗಿಯಿತು.

ಇದರ ಜೊತೆಗೆ ರಸ್ತೆ ಮನೆಗಳಿಗಿಂತ ಎತ್ತರ ಆಗುತ್ತಿದೆ. 8ನೇ ಅಡ್ಡರಸ್ತೆಯ ಹಳೇ ಮನೆಗಳಿಗೆ ಮೊದಲು ಎರಡು ಮೆಟ್ಟಿಲು ಹತ್ತಬೇಕಿತ್ತು. ಈಗ ರಸ್ತೆಯಿಂದ ನೇರ ಒಳಗೆ ಕಾಲಿಡಬಹುದು, ನೀರೂ ಹಾಗೇ ನೇರ ಬರುತ್ತದೆ. ಗೇಟಿನ ಬುಡಕ್ಕೆ ಇಟ್ಟಿಗೆ ಸಿಮೆಂಟಿನ ಕಟ್ಟೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ವಯಸ್ಸಾದವರು ದಿನಾ ಅದನ್ನು ದಾಟಬೇಕು.

ರಸ್ತೆ ಅಂದಮೇಲೆ ನಡು ಎತ್ತರ, ಅಂಚು ತಗ್ಗು ಇರಬೇಕು. ಅಗಲದಲ್ಲಿ ಮೀಟರಿಗೆ 2ರಿಂದ 2.5 ಸೆಂ.ಮೀ. ಇಳಿಜಾರು ಅನ್ನೋದನ್ನ ನಾವು ಎಂಜಿನಿಯರ್‌ಗಳಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ರಸ್ತೆ ಊಟದ ತಟ್ಟೆ ಥರ ಇದೆ. ಕೇಬಲ್‌ಗೆ, ಪೈಪಿಗೆ ಅಂತ ಅಗೆದವರು ಮಣ್ಣನ್ನು ಸರಿಯಾಗಿ ಗಟ್ಟಿ ಮಾಡದೆ ಸುಮ್ನೆ ಮುಚ್ಚಿ ಹೋಗಿದ್ದಾರೆ, ಅಲ್ಲೆಲ್ಲ ಕುಸಿದಿದೆ. ನೀರು ನಿಂತ ಕಡೆ ಡಾಂಬರು ಜಲ್ಲಿಯನ್ನು ಬಿಡುತ್ತದೆ, ಗುಂಡಿ ಬೀಳುತ್ತದೆ, ಗುಂಡಿಗೆ ಮತ್ತೆ ಡಾಂಬರು. ದುಡ್ಡು ನಮ್ಮ ತೆರಿಗೆಯದ್ದೇ ಅಲ್ವಾ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಹರಿದುಹೋಗಲು ಇಲ್ಲಿ ಇಳಿಜಾರಿಗೆ ಬರವಿಲ್ಲ. ನಮ್ಮ ಬಡಾವಣೆಯ ನೀರು ರಾಜಕಾಲುವೆ ಸೇರಿ, ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗಬೇಕು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್, ದೋಣಿಗಳಲ್ಲಿ ಜನರನ್ನು ಕರೆತಂದರಲ್ಲ, ಅಂಥ ಮಳೆಯ ಬಗ್ಗೆ ನಾವು ಹೇಳುತ್ತಿಲ್ಲ. ನಮ್ಮಲ್ಲಿ ಅರ್ಧ ಗಂಟೆ ಮಳೆ ಸಾಕು.

9ನೇ ಅಡ್ಡರಸ್ತೆಯ ಕೊನೆಯಲ್ಲಿ, ಚರಂಡಿ ರಾಜಕಾಲುವೆಗೆ ಸೇರುವ ಕಡೆ, ತೊಂದರೆ ಬೇರೆ. ಕೇಬಲ್‌ಗಳ ಕಟ್ಟನ್ನು ಚರಂಡಿಗೆ ಅಡ್ಡಲಾಗಿ ಹಾಯಿಸಿದ್ದಾರೆ. ಅದಕ್ಕೆ ಪ್ಲಾಸ್ಟಿಕ್ ಕವರ್, ಎಳನೀರು ಬುರುಡೆ ಸಿಕ್ಕಿಕೊಂಡು ಹಿಂದೆ ಹೂಳು ತುಂಬಿದೆ. ಕಳೆದ ಸಲ ಹೂಳೆತ್ತಿದವರು ಅದನ್ನು ಚರಂಡಿಯ ಪಕ್ಕದಲ್ಲೇ ರಾಶಿ ಹಾಕಿ ಹೋದರು. ಮುಂದಿನ ಮಳೆಗೆ ಅದು ಮತ್ತೆ ಚರಂಡಿ ಸೇರಿತು. ಬಿಲ್ ಮಾತ್ರ ಪಾಸಾಗಿರುತ್ತದೆ, ಬಿಡಿ.

ನೀರು ಇಳಿಯದಿದ್ದಾಗ ಯಾರೋ ಒಬ್ಬರು ಮ್ಯಾನ್‌ಹೋಲ್ ಮುಚ್ಚಳ ತೆಗೆಯುತ್ತಾರೆ. ಗುರುತಿಗೆ ಒಂದು ಮರದ ಕೊಂಬೆ ಸಿಗಿಸಿ ಹೋಗುತ್ತಾರೆ, ಕತ್ತಲಲ್ಲಿ ಬೈಕ್‌ನವರಿಗೆ ಅದು ಕಾಣಬೇಕಲ್ಲ! ಆ ಮಳೆನೀರೆಲ್ಲ ಒಳಚರಂಡಿಗೆ ನುಗ್ಗಿ, ತಗ್ಗಿನ ಮನೆಗಳ ಬಚ್ಚಲಿನಿಂದ ಮೇಲೆ ಉಕ್ಕುತ್ತದೆ. ಮಳೆನೀರಿನ ಚರಂಡಿ ನಿಮ್ಮದು, ಒಳಚರಂಡಿ ಜಲಮಂಡಳಿಯದು. ಆದ್ದರಿಂದ ಇಬ್ಬರೂ ಒಂದೇ ದಿನ ಒಟ್ಟಿಗೆ ಬಂದು ನೋಡಬೇಕು. ಬೇರೆ ಬೇರೆ ದಿನ ಬಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಒಳಚರಂಡಿ ಕಟ್ಟಿಕೊಂಡಿದ್ದರೆ, ಜೋರಾಗಿ ನೀರು ಚಿಮ್ಮಿಸಿ ಬಿಡಿಸುವ ಜೆಟ್ಟಿಂಗ್ ಯಂತ್ರ ತರಿಸಿ. ದಯವಿಟ್ಟು ಮನುಷ್ಯರನ್ನು ಒಳಗೆ ಇಳಿಸಬೇಡಿ, ಅದಕ್ಕೆ 2013ರ ಕಾನೂನೇ ಇದೆ.

ಇನ್ನು ಸೊಳ್ಳೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ನಗರದಲ್ಲಿ ಮನೆಯವರು ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿದರೆ 400 ರೂಪಾಯಿ, ಅಂಗಡಿಗಳಿಗೆ 1,000, ಕಟ್ಟಡ ಕಟ್ಟುವ ಜಾಗವಾದರೆ 2,000 ರೂಪಾಯಿ ದಂಡ ಅಂತಲೂ ಹೇಳಿತು. ಒಳ್ಳೆಯದೇ. ನಾವು ಹೂಕುಂಡದ ತಟ್ಟೆ ಕೂಡ ಬೋರಲು ಹಾಕುತ್ತೇವೆ. ಆದರೆ ಗೇಟಿನ ಹೊರಗೆ ರಸ್ತೆಯಲ್ಲೇ ವಾರಗಟ್ಟಲೆ ನಿಂತ ನೀರಿಗೆ ಯಾರ ಹೆಸರಲ್ಲಿ ರಸೀದಿ ಹರಿಯುತ್ತೀರಿ? ಡೆಂಗಿ ಸೊಳ್ಳೆಗೆ ತಿಳಿನೀರು ಸಿಕ್ಕರೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಹೊಗೆ ಬಿಟ್ಟರೆ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ.

ನಾವು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಡಾಂಬರು ಹಾಕುವ ಮೊದಲು ಹಳೇ ಪದರಗಳನ್ನು ಯಂತ್ರದಿಂದ ಕೆರೆಸಿ, ಅಂಚುಕಲ್ಲಿನ ಕಿಂಡಿಗಳನ್ನು ತೆರೆಸಿ, ಅವಕ್ಕೆ ಕಬ್ಬಿಣದ ಜಾಲರಿ ಹಾಕಿಸಿ. ರಸ್ತೆಯ ಮಟ್ಟ ಅಳೆಸಿ ಇಳಿಜಾರು ಚರಂಡಿ ಕಡೆಗೇ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಡಾಂಬರು ಹಾಕಿಸಿ. 9ನೇ ಅಡ್ಡರಸ್ತೆಯ ಕೊನೆಯಲ್ಲಿ ಕೇಬಲ್‌ಗಳನ್ನು ಮೇಲೆ ಎತ್ತಿ ಕಟ್ಟಿಸಿ, ತೆಗೆದ ಹೂಳನ್ನು ಆ ದಿನವೇ ಲಾರಿಯಲ್ಲಿ ಸಾಗಿಸಿ. ಕೆಲವು ಮನೆಗಳ ಮುಂದಿನ ರ‍್ಯಾಂಪ್ ಚರಂಡಿಗೆ ಅಡ್ಡ ಬಂದಿದೆ. ಮನೆಯವರ ಜೊತೆ ಮಾತಾಡಿದ್ದೇವೆ, ಒಡೆಯಬೇಕಾದರೆ ಒಡೆಸಿ, ಯಾರೂ ಜಗಳಕ್ಕೆ ಬರುವುದಿಲ್ಲ.

ಬೆಂಗಳೂರಿಗೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಸ್ಟ್ ಒಳಗೆ ಈ ಕೆಲಸ ಮುಗಿಸಲು ಸಮಯ ಇದೆ. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾದ ಮೇಲೆ ನಮ್ಮ ಹಳೇ ಅರ್ಜಿಗಳು ಯಾವ ಕಚೇರಿಯ ಯಾವ ಬೀರುವಿನಲ್ಲಿವೆಯೋ ತಿಳಿಯದು. ಹುಡುಕುವುದು ಬೇಡ, ಇದನ್ನೇ ಹೊಸದು ಅಂತ ತೆಗೆದುಕೊಂಡು ಕಡತದ ಸಂಖ್ಯೆ ಕೊಡಿ. ಉತ್ತರ ಬರವಣಿಗೆಯಲ್ಲಿ ಇರಲಿ. 'ಪರಿಶೀಲಿಸಲಾಗುವುದು' ಅನ್ನುವ ಒಂದು ಸಾಲು ಬೇಡ. ಯಾವ ಕೆಲಸ, ಗುತ್ತಿಗೆ ಯಾರದು, ಯಾವ ತಾರೀಕಿಗೆ ಮುಗಿಯುತ್ತದೆ, ಈ ಮೂರೂ ಅದರಲ್ಲಿ ಇರಬೇಕು.

ಇಂತಿ,
4ನೇ ಮುಖ್ಯರಸ್ತೆ ಮತ್ತು ಅಡ್ಡರಸ್ತೆಗಳ ನಿವಾಸಿಗಳು
(ಸಹಿಗಳು ಮತ್ತು ಫೋಟೋಗಳನ್ನು ಲಗತ್ತಿಸಿದೆ)