212 ದಿನ ಸೊನ್ನೆ ಆಗಬಾರದು

ಸಂಪಾದಕರೇ,

ನನ್ನ ತಮ್ಮ ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ದಿನ ಎಣಿಸುತ್ತಿದ್ದ. ಬೀಗರೂಟದಲ್ಲಿ ಯಾರೋ ಒತ್ತಾಯ ಮಾಡಿದರು, ಕುಡಿದುಬಿಟ್ಟ. ಮಾರನೇ ದಿನ ಮುಚ್ಚಿಡದೆ ಆ್ಯಪ್‌ನಲ್ಲಿ ಹಾಕಿದ. ಅದು 212 ಅಳಿಸಿ 0 ತೋರಿಸಿತು. ಆ ಸೊನ್ನೆಯನ್ನೇ ನೋಡುತ್ತಾ ಜಗಲಿ ಮೇಲೆ ಕೂತಿದ್ದವನು ಸಂಜೆ ಮತ್ತೆ ಅಂಗಡಿಗೆ ಹೋದ.

ಆ 212 ದಿನ ಅವನು ಗೆದ್ದದ್ದೇ ಅಲ್ವಾ?

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಪ್ರಾಜೆಕ್ಟ್‌ಗೆ ಏನೇನೋ ಮಾಡುತ್ತಾರೆ, ಚಟ ಬಿಡುತ್ತಿರುವವರಿಗೂ ಕನ್ನಡದಲ್ಲಿ ಒಂದು ಆ್ಯಪ್ ಮಾಡಿಕೊಡಲಿ. ಕುಡಿಯಬೇಕು ಅನ್ನೋ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಆ ಹೊತ್ತು ದಾಟಿಸಿದರೆ ಸಾಕು. ಅದಕ್ಕೆ ಒಂದೇ ಒಂದು ದೊಡ್ಡ ಬಟನ್ ಇರಲಿ. ಒತ್ತಿದರೆ ಮನೆಯವರಿಗೋ ಗೆಳೆಯನಿಗೋ ಕರೆ ಹೋಗಲಿ, ಯಾರೂ ಎತ್ತದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹೋಗಲಿ. ಎರಡೂ ಉಚಿತ. ಹಸಿವಾದಾಗ ಸೆಳೆತ ಜಾಸ್ತಿ, ಹಾಗಾಗಿ ಸಂಜೆ ಆರಕ್ಕೆ 'ಊಟ ಆಯ್ತಾ?' ಅಂತ ಧ್ವನಿಯಲ್ಲೇ ಕೇಳಲಿ, ಓದಲು ಬರದವರೂ ಇರುತ್ತಾರೆ. ಇಂಟರ್ನೆಟ್ ಸಿಗದ ಗದ್ದೆ ಬಯಲಲ್ಲೂ ನಡೆಯಬೇಕು. ಐಕಾನ್ ನೋಡಿ ಪಕ್ಕದವರಿಗೆ ಗೊತ್ತಾಗಬಾರದು, ಮಾಹಿತಿ ಯಾರಿಗೂ ಮಾರಬಾರದು.

ಇನ್ನೊಂದು ಮಾತು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. 'ಮೊದಲು ಡಾಕ್ಟರನ್ನು ನೋಡಿ' ಅಂತ ಆ್ಯಪ್ ತೆರೆದ ಕೂಡಲೇ ಹೇಳಬೇಕು.

ತಮ್ಮ ಈಗ ಮತ್ತೆ ಬಿಟ್ಟಿದ್ದಾನೆ. ಈ ಸಲ ದಿನಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ನಾನೇ ಗುರುತು ಹಾಕುತ್ತಿದ್ದೇನೆ, ಹಳೆಯ 212 ಸೇರಿಸಿ.

— ಒಬ್ಬ ಅಕ್ಕ, ಮಂಡ್ಯ