ಸೀಲ್ ನೋಡಲು ಬರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಸೀಲ್ ಅನ್ನುವ ಕಡಲ ಪ್ರಾಣಿ ನೋಡಲು ಬೇಸಿಗೆಯಲ್ಲಿ ಬರಲೋ ಚಳಿಗಾಲದಲ್ಲಿ ಬರಲೋ ಅಂತ ಕೇಳಿದ್ದೀಯ. ನಾನು ಎರಡೂ ಕಾಲದಲ್ಲಿ ದೋಣಿ ಹತ್ತಿದ್ದೇನೆ. ನನ್ನ ಓಟು ಚಳಿಗಾಲಕ್ಕೆ. ಮೈ ಕೊರೆಯುವ ಗಾಳಿ ಇರುತ್ತದೆ, ಅದಕ್ಕೆ ಸಿದ್ಧನಾಗಿಯೇ ಬಾ.

ನಾವು ಹೋಗುವುದು ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಬ್ಲೇಕ್ನಿ ಪಾಯಿಂಟ್‌ಗೆ. ಮರಳು ಮತ್ತು ಉರುಟುಗಲ್ಲುಗಳ ಉದ್ದನೆಯ ದಿಬ್ಬ ಅದು, ಸಮುದ್ರದೊಳಕ್ಕೆ ಚಾಚಿಕೊಂಡಿದೆ. 1912ರಿಂದ ನ್ಯಾಷನಲ್ ಟ್ರಸ್ಟ್ ಅನ್ನುವ ಸಂರಕ್ಷಣಾ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ದೋಣಿ ಹೊರಡುವುದು ಹತ್ತಿರದ ಮಾರ್ಸ್ಟನ್ ಹಳ್ಳಿಯಿಂದ, ಅದೂ ಉಬ್ಬರದ ಆಸುಪಾಸಿನಲ್ಲಿ ಮಾತ್ರ. ಇಳಿತದ ಹೊತ್ತಿಗೆ ಹೋದರೆ ಕಾಲುವೆಯಲ್ಲಿ ಬರೀ ಕೆಸರು ಇರುತ್ತದೆ, ದೋಣಿಗಳು ಪಕ್ಕಕ್ಕೆ ವಾಲಿಕೊಂಡು ಬಿದ್ದಿರುತ್ತವೆ. ಹಾಗಾಗಿ ‘ಬೆಳಿಗ್ಗೆ ಹೋಗೋಣ, ಮಧ್ಯಾಹ್ನ ಹೋಗೋಣ’ ಅನ್ನುವ ನಿನ್ನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಾಳಿ ನಮ್ಮ ಕಡೆಗಿದ್ದರೆ ಮೊದಲು ವಾಸನೆ ಬರುತ್ತದೆ. ಮೀನಿನ ಗಬ್ಬುವಾಸನೆ. ಆಮೇಲೆ ಯಾರೋ ನರಳಿ ರಾಗ ಎಳೆದಂಥ ಸದ್ದು. ಅದು ಗ್ರೇ ಸೀಲ್‌ಗಳದ್ದು. ಅಲ್ಲಿ ಕಾಮನ್ ಸೀಲ್ ಅನ್ನುವ ಇನ್ನೊಂದು ಜಾತಿಯವೂ ಇವೆ. ಬಣ್ಣ ನೋಡಿ ಗುರುತಿಸಲು ಹೋಗಬೇಡ, ಎರಡರಲ್ಲೂ ಎಲ್ಲ ಬಣ್ಣದವೂ ಸಿಗುತ್ತವೆ. ಮೂಗು ನೋಡು. ಗ್ರೇ ಸೀಲ್‌ನದು ಉದ್ದ ಮೂತಿ, ಹೊಳ್ಳೆಗಳು ದೂರ ದೂರ. ಕಾಮನ್ ಸೀಲ್‌ನದು ಗಿಡ್ಡ ಮೂತಿ, ಹೊಳ್ಳೆಗಳೆರಡೂ ಕೆಳಗೆ ಕೂಡಿಕೊಳ್ಳುವ ಹಾಗಿರುತ್ತವೆ.

ಬೇಸಿಗೆಯಲ್ಲಿ ಒಂದು ಸೀಲ್ ನಮ್ಮ ದೋಣಿಯ ಪಕ್ಕದಲ್ಲೇ ನಿದ್ದೆ ಮಾಡುತ್ತಿತ್ತು. ನೀರಿನಲ್ಲಿ ನೆಟ್ಟಗೆ ನಿಂತು, ಮೂತಿ ಮಾತ್ರ ಮೇಲಿಟ್ಟುಕೊಂಡು. ಹೊಳ್ಳೆ ಗಟ್ಟಿಯಾಗಿ ಮುಚ್ಚಿತ್ತು. ಸೀಲ್‌ಗೆ ಮುಚ್ಚಿರುವುದೇ ಸಹಜ, ಉಸಿರು ಬೇಕೆಂದಾಗ ಸ್ನಾಯು ಬಿಗಿದು ತೆರೆಯಬೇಕು. ತೆರೆಯಿತು, ಬುಸ್ ಅಂತು, ಮತ್ತೆ ಮುಚ್ಚಿಕೊಂಡಿತು. ಕಣ್ಣು ಬಿಡಲೇ ಇಲ್ಲ. ಮೀಸೆಯ ಒಂದೊಂದು ಕೂದಲಿನ ತುದಿಯಲ್ಲೂ ನೀರಿನ ಹನಿ. ಆ ಮೀಸೆ ಏನು ಸಾಮಾನ್ಯದ್ದಲ್ಲ. ಜರ್ಮನಿಯಲ್ಲಿ ಪಳಗಿಸಿದ ಸೀಲ್‌ಗಳ ಕಣ್ಣು ಕಟ್ಟಿ ನೋಡಿದ್ದಾರೆ. ಪುಟ್ಟದೊಂದು ಆಟಿಕೆ ಸಬ್‌ಮರೀನ್ ನೀರಿನಲ್ಲಿ ಬಿಟ್ಟುಹೋದ ಅಲುಗಾಟವನ್ನೇ ಮೀಸೆಯಲ್ಲಿ ಹಿಡಿದು, ಅದರ ಜಾಡಿನಲ್ಲೇ ಹೋದವಂತೆ. ಕಲಕು ನೀರಿನಲ್ಲಿ ಮೀನು ಹಿಡಿಯುವ ಗುಟ್ಟು ಇದೇ.

ಈಗ ಚಳಿಗಾಲ ಯಾಕೆ ಅಂತ ಹೇಳುತ್ತೇನೆ. ನವೆಂಬರ್‌ನಿಂದ ಜನವರಿವರೆಗೆ ಗ್ರೇ ಸೀಲ್‌ಗಳು ಇಲ್ಲಿ ಮರಿ ಹಾಕುತ್ತವೆ. ಹುಟ್ಟಿದ ಮರಿಗೆ ಬಿಳಿ ತುಪ್ಪಳ, ತೂಕ ಸುಮಾರು 14 ಕಿಲೋ. ಮೊದಮೊದಲು ಅದರ ಚರ್ಮ ಅಳತೆ ತಪ್ಪಿ ಹೊಲಿದ ಅಂಗಿಯ ಹಾಗೆ ಜೋಲುತ್ತಿರುತ್ತದೆ. ತಾಯಿ ಪಕ್ಕಕ್ಕೆ ಹೊರಳಿ, ಮುಂಗಾಲಿನ ಉಗುರಿನಿಂದ ಮರಿಯನ್ನು ಮೆಲ್ಲಗೆ ಕೆರೆದು ಹಾಲಿಗೆ ಕರೆಯುವುದನ್ನು ಬೈನಾಕ್ಯುಲರ್‌ನಲ್ಲಿ ನೋಡಿದೆ. ಆ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬೇ. ಮರಿ ದಿನಕ್ಕೆ ಹತ್ತಿರಹತ್ತಿರ 2 ಕಿಲೋ ಏರುತ್ತದೆ, ಕುತ್ತಿಗೆಯೇ ಕಾಣದ ಹಾಗೆ ಊದಿಕೊಳ್ಳುತ್ತದೆ. ಸುಮಾರು ಮೂರು ವಾರ ಹೀಗೆ. ಅಷ್ಟೂ ದಿನ ತಾಯಿ ಏನೂ ತಿನ್ನುವುದಿಲ್ಲ, ತನ್ನ ಮೈಯನ್ನೇ ಕರಗಿಸಿ ಕೊಡುತ್ತದೆ. ಆಮೇಲೆ ಒಂದು ದಿನ ಹೊರಟೇ ಹೋಗುತ್ತದೆ. ಮರಿ ಅಲ್ಲೇ ಬಿದ್ದುಕೊಂಡು, ಬಿಳಿ ಕೂದಲು ಉದುರಿಸಿ, ಹಸಿವು ತಡೆಯಲಾರದಾದಾಗ ತಾನೇ ಕಡಲಿಗೆ ಇಳಿಯುತ್ತದೆ. ಕಲಿಸಿಕೊಡುವವರು ಯಾರೂ ಇಲ್ಲ. (ಕಾಮನ್ ಸೀಲ್ ಮರಿಗಳದ್ದು ಬೇರೆ ಕಥೆ. ಬೇಸಿಗೆಯಲ್ಲಿ ಹುಟ್ಟಿ, ಕೆಲವೇ ಗಂಟೆಗಳಲ್ಲಿ ಈಜುತ್ತವೆ.)

ಇದಕ್ಕೇ ದೋಣಿಯವರ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಷ್ಟು ಹತ್ತಿರ ಕರೆದುಕೊಂಡು ಹೋಗುತ್ತೀರಿ ಅಂತ ಜನ ಕೇಳುತ್ತಾರೆ. ಯಾವಾಗ ಹಿಂದಕ್ಕೆ ಸರಿಯುತ್ತೀರಿ ಅಂತ ಕೇಳಬೇಕು. ದಡದಲ್ಲಿ ಬಿದ್ದುಕೊಂಡ ಸೀಲ್ ಸೋಮಾರಿಯಲ್ಲ, ದಣಿವಾರಿಸಿಕೊಂಡು, ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರುತ್ತದೆ. ಒಂದು ತಲೆ ಎತ್ತಿ ನಮ್ಮ ಕಡೆ ನೋಡಿದರೆ ಪರವಾಗಿಲ್ಲ. ಸಾಲಾಗಿ ಹತ್ತಾರು ತಲೆ ಎದ್ದವು ಅಂದರೆ ಮುಂದಿನದು ನೀರಿಗೆ ಓಟ. ನಮ್ಮ ದೋಣಿಯಾತ ಅಷ್ಟಾಗುವ ಮೊದಲೇ, ಯಾರೂ ಹೇಳದೆ, ದೋಣಿ ಹಿಂದಕ್ಕೆ ತೆಗೆದ. ಪಕ್ಕದ ಇನ್ನೊಂದು ದೋಣಿ ಫೋಟೋ ಆಸೆಗೆ ಮುಂದೆ ಹೋಯಿತು ನೋಡು, ಗುಂಪಿಗೆ ಗುಂಪೇ ದಡಬಡ ನೀರಿಗೆ ಬಿತ್ತು. ಆ ದೋಣಿಯಲ್ಲಿದ್ದವರು ಚಪ್ಪಾಳೆ ಬೇರೆ ತಟ್ಟಿದರು! ಮೈ ಉರಿಯಿತು.

ಆದರೂ ಸೀಲ್‌ಗಳು ಇಲ್ಲಿ ಚೆನ್ನಾಗಿಯೇ ಇವೆ. 2001ರಲ್ಲಿ ಇಲ್ಲಿ ಹುಟ್ಟಿದ್ದು ಬರೀ 25 ಗ್ರೇ ಸೀಲ್ ಮರಿಗಳು. 2014ರ ಹೊತ್ತಿಗೆ ವರ್ಷಕ್ಕೆ 2,000 ದಾಟಿತ್ತು. ಮರಿ ಹಾಕುವ ಹೊತ್ತಿನಲ್ಲಿ ಕಾವಲಿನವರು ಅವುಗಳ ಜಾಗಕ್ಕೆ ಜನರನ್ನು ಬಿಡುವುದಿಲ್ಲ, ಹಾಗಾಗಿ ದೋಣಿಯೇ ಗತಿ. ಸುಮ್ನೆ ಕೂತು ನೋಡುವುದಾದರೆ ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ, ಅಲ್ವಾ?

ಯಾವ ವಾರ ಬರುತ್ತೀಯ ಬರೆ. ಬೈನಾಕ್ಯುಲರ್ ನಿನ್ನದೇ ತಗೊಂಡು ಬಾ, ನನ್ನದರ ಒಂದು ಕಡೆ ಮಸುಕಾಗಿದೆ. ಇರೋ ಒಂದನ್ನು ಆ ಹೊತ್ತಿನಲ್ಲಿ ನಿನಗೆ ಕೊಡುತ್ತೇನೆ ಅಂತ ಮಾತ್ರ ನಂಬಬೇಡ.

ಇತಿ,
ನಿನ್ನ ಗೆಳೆಯ