ದುರ್ಗದ ಯುದ್ಧ ಬರೆಯುತ್ತಿರುವ ಗೆಳೆಯನಿಗೆ

ಪ್ರೀತಿಯ ದೋಸ್ತ,

ಚಿತ್ರದುರ್ಗದ ಮುತ್ತಿಗೆ ಮೇಲೆ ಸಿನಿಮಾ ಕಥೆ ಬರೆಯುತ್ತಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯ್ತು. ಬೆಂಗಳೂರಲ್ಲೇ ಕೂತು ಮುಗಿಸಿಬಿಡಬೇಡ. ದಾವಣಗೆರೆಗೆ ಬಾ, ಒಟ್ಟಿಗೆ ದುರ್ಗಕ್ಕೆ ಹೋಗೋಣ.

ನಮ್ಮ ಸಿನಿಮಾಗಳಲ್ಲಿ ಸೈನ್ಯ ಓಡಿ ಬರುತ್ತದೆ, ಆನೆ ಗುದ್ದುತ್ತದೆ, ಬಾಗಿಲು ಮುರಿಯುತ್ತದೆ. ದುರ್ಗದ ಬಾಗಿಲ ಮುಂದೆ ಓಡಿ ಬರಲು ಜಾಗವೇ ಇಲ್ಲ! ದಾರಿ ಸೊಟ್ಟಸೊಟ್ಟ ತಿರುಗುತ್ತದೆ. ಆನೆಗೆ ಓಟ ಸಿಗಬಾರದು ಅಂತಲೇ ಹಾಗೆ ಕಟ್ಟಿದ್ದು. ಆ ತಿರುವಲ್ಲಿ ಮೇಲಿಂದ ಕಲ್ಲು ಬೀಳುತ್ತಿದ್ದರೆ ಹಿಂದೆ ಇದ್ದವರು ಮುಂದೆ ಇದ್ದವರನ್ನು ನೂಕುತ್ತಾರೆ, ಅಲ್ವಾ? ಆ ನೂಕುನುಗ್ಗಲು ತೋರಿಸು, ಸಾಕು.

ಓಬವ್ವನ ಕಿಂಡಿ ಹತ್ತಿರ ಮಾತ್ರ ಅವಸರ ಮಾಡಬೇಡ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಬಂದಿದ್ದಳು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಬೇಕು, ತಲೆ ಮೊದಲು ಹೊರಗೆ ಬರಬೇಕು. ಅವಳು ಹೊಡೆದರೆ ಮುಗಿಯಲಿಲ್ಲ. ಹೆಣವನ್ನು ಸದ್ದಾಗದಂತೆ ಪಕ್ಕಕ್ಕೆ ಎಳೆಯಬೇಕು, ಮುಂದಿನವನು ಬರುವಷ್ಟರಲ್ಲಿ ಒನಕೆ ಎತ್ತಿ ನಿಲ್ಲಬೇಕು. ಭತ್ತ ಕುಟ್ಟಿದ ಕೈಯಾದರೂ ತೋಳು ಸೋಲುತ್ತದೆ, ಬೆವರಿಗೆ ಒನಕೆ ಜಾರುತ್ತದೆ. ಅಲ್ಲಿ ಹಿನ್ನೆಲೆ ಸಂಗೀತ ಬೇಡವೇ ಬೇಡ. ಅವಳ ಉಸಿರು ಕೇಳಿಸಲಿ.

ಇನ್ನೊಂದು, ಫಿರಂಗಿ. ಗುಂಡು ಬಿದ್ದಲ್ಲೆಲ್ಲ ಬೆಂಕಿಯ ಉಂಡೆ ಏಳುವುದು ಸುಳ್ಳು. ಆಗಿನ ಗುಂಡು ಹೆಚ್ಚಾಗಿ ಗಟ್ಟಿ ಕಬ್ಬಿಣದ್ದು, ಇಲ್ಲವೇ ಕಲ್ಲಿನದ್ದು. ಅದು ಗೋಡೆ ಒಡೆಯುತ್ತದೆ, ಚೂರು ಹಾರಿಸುತ್ತದೆ, ಉರಿಯುವುದಿಲ್ಲ. ಜಾಸ್ತಿ ಇರುತ್ತಿದ್ದದ್ದು ಹೊಗೆ. ಕೋಟೆಯೊಳಗೆ ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳು ಇವತ್ತಿಗೂ ಗುಂಡಿಯಲ್ಲಿ ಹಾಗೇ ಇವೆ. ಅವು ತಿರುಗುವುದನ್ನು ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ. ಮದ್ದು ಬೀಸುವವರಿಲ್ಲದೆ ಬಂದೂಕು ಎಲ್ಲಿ ಹಾರುತ್ತದೆ ಹೇಳು?

ಹೈದರಾಲಿಗೂ ಈ ಕೋಟೆ ಸುಮ್ನೆ ಸಿಗಲಿಲ್ಲ. ಮತ್ತೆ ಮತ್ತೆ ಮುತ್ತಿ, ಕೊನೆಗೆ 1779ರಲ್ಲಿ ಹಿಡಿದ. ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಆ ಕಾಯುವಿಕೆ ನಿನ್ನ ಕಥೆಯಲ್ಲಿ ಇರಲೇಬೇಕು. ಕಣಜದಲ್ಲಿ ಕಾಳು ಎಷ್ಟು ಉಳಿದಿದೆ, ಹೊಂಡದ ನೀರು ಎಷ್ಟು ಇಳಿದಿದೆ ಅಂತ ದಿನಾ ನೋಡುವವನೊಬ್ಬ ಇರಲಿ. ಕೆಳಗೆ ಹೈದರನ ದಂಡಿಗೂ ಹೊಟ್ಟೆ ಇತ್ತು, ಎತ್ತುಗಳಿಗೂ ಮೇವು ಬೇಕಿತ್ತು. ಆ ಕಡೆಯವರನ್ನು ಬರೀ ಸಾಯಲು ಬಂದವರಂತೆ ಬರೆಯಬೇಡ.

ಮಳೆ ಹಿಡಿದಾಗ ಬಾ. ಒದ್ದೆ ಬಂಡೆ ಹತ್ತುವುದು ಎಷ್ಟು ಕಷ್ಟ ಅಂತ ನಿನ್ನ ಕ್ಯಾಮೆರಾದವರಿಗೂ ಗೊತ್ತಾಗಲಿ, ಅವರನ್ನೂ ಕರೆದುಕೊಂಡು ಬಾ.

ನಿನ್ನ ಗೆಳೆಯ